ಚಂದ್ರಯಾತ್ರಿಯ ವಿದ್ಯೆಯೂ ಆಚಾರವೂ

ವಿದ್ಯೆಯಿಂದ ನಡತೆಯು ಶುದ್ಧವಾಗುವುದೇ ಎಂಬುದು ಬಹು ಹಳೆಯ ಪ್ರಶ್ನೆ. ಕಲಿತವನು ತಪ್ಪಿ ನಡೆದಾಗಲೆಲ್ಲ ಜನರು ಅದನ್ನು ಮತ್ತೆ ಎತ್ತುತ್ತಾರೆ. ಕಲಿಯದವನು ನೆಟ್ಟಗೆ ನಡೆದಾಗಲೂ ಎತ್ತಬೇಕಾದದ್ದೇ, ಆದರೆ ಆಗ ಯಾರಿಗೂ ಅದರ ನೆನಪಾಗುವುದಿಲ್ಲ. ಶರಣರು ಅರಿವನ್ನೂ ಆಚಾರವನ್ನೂ ಎರಡಾಗಿ ಬಗೆಯಲಿಲ್ಲ. ನಡೆಯಲ್ಲಿ ತೋರದ ಅರಿವು ಅವರ ಲೆಕ್ಕದಲ್ಲಿ ಅರಿವೇ ಅಲ್ಲ. ಅದು ಬರಿಯ ನಾಲಗೆಯ ಮೇಲಣ ಸರಕು. ಇಷ್ಟನ್ನು ಒಪ್ಪುವುದು ಕಷ್ಟವಲ್ಲ. ಪುಸ್ತಕವನ್ನು ಬಾಯಿಪಾಠ ಮಾಡಿ ಪೀಠವೇರಿದವನು ಎಡವಿದರೆ, ಅವನ ವಿದ್ಯೆಯು ತುಟಿಯಿಂದ ಕೆಳಗಿಳಿದಿರಲಿಲ್ಲವೆಂದು ಹೇಳಿ ಸುಮ್ಮನಾಗಬಹುದು. ಆದರೆ ವಿದ್ಯೆಯು ಕಣ್ಣಿನಲ್ಲಿಯೂ ಕೈಯಲ್ಲಿಯೂ ಬೇರೂರಿರುವವನು, ಆ ವಿದ್ಯೆಗಾಗಿ ಪ್ರಾಣವನ್ನೇ ಪಣವಾಗಿಟ್ಟವನು ಎಡವಿದರೆ ಏನು ಹೇಳಬೇಕು? ಅವನಿಗೆ ವಿದ್ಯೆಯು ಬಂದಿರಲಿಲ್ಲವೆನ್ನುವಂತಿಲ್ಲ. ಬಂದಿದ್ದೂ ಎಡವಿದನೆಂದರೆ ಅರಿವಿಗೂ ಆಚಾರಕ್ಕೂ ಇರುವ ನಂಟು ಎಂತಹುದು?

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಚಂದ್ರಲೋಕಕ್ಕೆ ಹೋಗಿಬಂದವರ ವೃತ್ತಾಂತದಂತಹ ನಿದರ್ಶನವು ಅಪರೂಪ. ೧೯೬೯ರಿಂದ ೧೯೭೨ರವರೆಗೆ ಅಮೆರಿಕದ ಆರು ಯಾತ್ರೆಗಳಲ್ಲಿ ಹನ್ನೆರಡು ಮಂದಿ ಚಂದ್ರನ ನೆಲವನ್ನು ಮೆಟ್ಟಿದರು. ಒಟ್ಟು ೩೮೨ ಕಿಲೋಗ್ರಾಂ ಕಲ್ಲು ಮಣ್ಣುಗಳನ್ನು ತಂದರು. ಅಷ್ಟು ಜನ ನೋಡುತ್ತಿರುವಾಗ, ಅಷ್ಟು ಜನ ಲೆಕ್ಕವಿಡುತ್ತಿರುವಾಗ ಕಾಯಕ ಮಾಡಿದವರು ಲೋಕದಲ್ಲಿ ಬೇರೆ ಯಾರೂ ಇರಲಾರರು. ಅವರ ಒಂದೊಂದು ಮಾತೂ ದಾಖಲೆಯಾಗಿದೆ. ಒಂದೊಂದು ಕಲ್ಲಿಗೂ ಒಂದು ಸಂಖ್ಯೆಯುಂಟು. ಆದುದರಿಂದ ಇಲ್ಲಿ ಊಹೆಗೆ ಎಡೆ ಕಡಿಮೆ.

ಇವರು ಕಲಿತುದೇನು? ಆ ಹನ್ನೆರಡು ಮಂದಿಯಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ ವಿಮಾನ ನಡೆಸುವ ವೃತ್ತಿಯಿಂದ ಬಂದವರು. ನೌಕೆಯ ಒಂದೊಂದು ಗುಂಡಿಯ ಕೆಲಸವನ್ನೂ, ಅದು ಕೆಟ್ಟರೆ ಮಾಡಬೇಕಾದುದನ್ನೂ ಅವರು ಕಣ್ಣುಮುಚ್ಚಿ ಹೇಳಬಲ್ಲವರಾಗಬೇಕಿತ್ತು. ನೆಲದ ಮೇಲೆಯೇ ಇರಿಸಿದ ಹುಸಿನೌಕೆಯೊಳಗೆ ಕುಳಿತು, ಗುರುಗಳು ಬೇಕೆಂದೇ ಒಡ್ಡಿದ ಆಪತ್ತುಗಳನ್ನು ಸಾವಿರ ಸಲ ಬಿಡಿಸಿಕೊಂಡರು. ಮೇಲೇರಿ ಕಮಾನಿನಂತೆ ಬಾಗಿ ಇಳಿಯುವ ವಿಮಾನದಲ್ಲಿ ಇಪ್ಪತ್ತು ಇಪ್ಪತ್ತೈದು ಸೆಕೆಂಡುಗಳ ಕಾಲ ತೂಕವಿಲ್ಲದೆ ತೇಲಿ, ಆ ಅಲ್ಪಕಾಲದಲ್ಲಿಯೇ ಉಡುಪು ತೊಡುವುದನ್ನೂ ಉಣ್ಣುವುದನ್ನೂ ಅಭ್ಯಾಸ ಮಾಡಿದರು. ಮರಳುವಾಗ ದಾರಿತಪ್ಪಿ ಎಲ್ಲಿಯಾದರೂ ಬಿದ್ದರೆ ಬದುಕುಳಿಯಬೇಕಲ್ಲವೇ? ಅದಕ್ಕಾಗಿ ಪನಾಮದ ಕಾಡಿನಲ್ಲಿಯೂ ನೆವಾಡಾದ ಮರುಭೂಮಿಯಲ್ಲಿಯೂ ದಿನ ಕಳೆದರು. ಚಂದ್ರನ ಮೇಲೆ ಇಳಿಯುವುದನ್ನು ಕಲಿಯಲು ಕಟ್ಟಿದ ಹಾರುಯಂತ್ರವೊಂದು ೧೯೬೮ರ ಮೇ ೬ರಂದು ಹತೋಟಿ ತಪ್ಪಿತು. ನೀಲ್ ಆರ್ಮ್‌ಸ್ಟ್ರಾಂಗ್ ಅವರು ಕೊನೆಯ ಕ್ಷಣದಲ್ಲಿ ಹೊರಕ್ಕೆ ಚಿಮ್ಮಿ ಧುಮುಕುಕೊಡೆಯಿಂದ ಪಾರಾದರು. ಯಂತ್ರವು ಬಿದ್ದು ಉರಿದುಹೋಯಿತು. ಹದಿನಾಲ್ಕು ತಿಂಗಳ ತರುವಾಯ ಅವರೇ ಚಂದ್ರನ ಮೇಲೆ ನೌಕೆಯನ್ನಿಳಿಸಿದರು.

ಇದೆಲ್ಲ ಹೋಗುವ ವಿದ್ಯೆ. ಹೋಗಿ ಏನು ಮಾಡಬೇಕೆಂಬ ವಿದ್ಯೆಯು ಬೇರೆಯೇ ಇತ್ತು. ಅದು ಕಲ್ಲನ್ನು ಓದುವ ವಿದ್ಯೆ.

ಅದರ ಮೊದಲ ಗುರು ಯೂಜೀನ್ ಶೂಮೇಕರ್ ಎಂಬ ಭೂಗರ್ಭಶಾಸ್ತ್ರಜ್ಞರು. ಅರಿಜೋನಾ ಪ್ರಾಂತದ ಒಂದು ದೊಡ್ಡ ಕುಳಿಯು ಜ್ವಾಲಾಮುಖಿಯಿಂದಲ್ಲ, ಆಕಾಶದಿಂದ ಬಿದ್ದ ಉಲ್ಕೆಯಿಂದಲೇ ಆಯಿತೆಂದು ಸಾಧಿಸಿದವರು ಅವರು. ಚಂದ್ರನಿಗೆ ತಾವೇ ಹೋಗಬೇಕೆಂಬುದು ಅವರ ಬಯಕೆ, ರೋಗವೊಂದು ಅಡ್ಡಿಯಾಯಿತು. ಹೋಗುವವರಿಗೆ ಕಲಿಸುವುದರಲ್ಲಿ ಅವರು ತೃಪ್ತರಾದರು. (೧೯೯೭ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಚಿತಾಭಸ್ಮದ ಒಂದು ಚಿಟಿಕೆಯು ೧೯೯೯ರಲ್ಲಿ ಚಂದ್ರನನ್ನು ಮುಟ್ಟಿತು.) ಅದೇ ಅರಿಜೋನಾದ ಬೂದಿಗಲ್ಲಿನ ಬಯಲಿನಲ್ಲಿ, ಚಂದ್ರನ ಒಂದು ಭಾಗದ ಚಿತ್ರವನ್ನು ಮುಂದಿಟ್ಟುಕೊಂಡು, ಸಿಡಿಮದ್ದಿನಿಂದ ಕುಳಿಗಳನ್ನು ತೋಡಿ ಹುಸಿ ಚಂದ್ರನೆಲವನ್ನೇ ನಿರ್ಮಿಸಿದರು. ಆದರೂ ಪಾಠಶಾಲೆಯ ಕೋಣೆಯಲ್ಲಿ ಖನಿಜಗಳ ಹೆಸರನ್ನು ಉರುಹೊಡೆಯುವ ಕೆಲಸವು ವಿಮಾನ ನಡೆಸುವವರಿಗೆ ರುಚಿಸಲಿಲ್ಲ. ರುಚಿಸದಿದ್ದುದು ಅವರ ದೋಷವೆನ್ನಲಾಗದು. ಹೆಸರು ತಿಳಿದ ಮಾತ್ರಕ್ಕೆ ವಸ್ತುವು ತಿಳಿದಂತಾಗುವುದಿಲ್ಲ.

೧೯೬೯ರ ಶರತ್ಕಾಲದಲ್ಲಿ ಲೀ ಸಿಲ್ವರ್ ಎಂಬ ಪ್ರಾಧ್ಯಾಪಕರು ನಾಲ್ವರು ಗಗನಯಾತ್ರಿಗಳನ್ನು ಕ್ಯಾಲಿಫೋರ್ನಿಯಾದ ಒರೊಕೊಪಿಯ ಬೆಟ್ಟಗಳಿಗೆ ಕರೆದೊಯ್ದರು. ಅವರ ಕ್ರಮವು ಗುರುಕುಲದ ಕ್ರಮ. ಉಪನ್ಯಾಸವಿಲ್ಲ. ಬೆಟ್ಟದ ಮುಂದೆ ನಿಲ್ಲಿಸಿ, ಏನು ಕಾಣುತ್ತದೆ ಹೇಳಿ ಎನ್ನುವರು. ಶಿಷ್ಯನು ಹೆಸರು ಹೇಳಹೋದರೆ ತಡೆಯುವರು. ಬಣ್ಣವೆಂತಹುದು, ಅಂಚು ಚೂಪೋ ಮೊಂಡೋ, ಪದರಗಳು ಯಾವ ಕಡೆಗೆ ವಾಲಿವೆ, ಈ ಕಲ್ಲು ಇಲ್ಲಿಯದೇ ಅಥವಾ ಮೇಲಿನಿಂದ ಉರುಳಿಬಂದುದೇ? ಇವನ್ನು ಮೊದಲು ನೋಡಿ ಹೇಳಬೇಕು, ಹೆಸರು ಆಮೇಲೆ. ಮರುವರ್ಷ ಅಪೊಲೊ ೧೫ರ ಯಾತ್ರಿಗಳಾದ ಡೇವಿಡ್ ಸ್ಕಾಟ್, ಜೇಮ್ಸ್ ಇರ್ವಿನ್ ಇಬ್ಬರೂ ಅವರ ಶಿಷ್ಯರಾದರು. ತಿಂಗಳಿಗೊಮ್ಮೆಯಾದರೂ ಬೆನ್ನಿಗೆ ಹೊರೆ ಕಟ್ಟಿ, ಎದೆಗೆ ಕ್ಯಾಮೆರಾ ತೂಗಿಸಿ ಬೆಟ್ಟಗುಡ್ಡಗಳಲ್ಲಿ ನಡೆದರು. ಕಣ್ಣಿಗೆ ಕಾಣದ ದೂರದಲ್ಲಿ ಕುಳಿತ ಸಹಾಯಕರು ರೇಡಿಯೋದಲ್ಲಿ ಬಂದ ಅವರ ಮಾತನ್ನು ಮಾತ್ರ ಕೇಳಿ, ಅಲ್ಲಿರುವುದೇನೆಂದು ತಿಳಿಯಬೇಕು. ಕಾಣದವನಿಗೆ ಕಾಣುವಂತೆ ಹೇಳುವುದೇ ಪರೀಕ್ಷೆ. ಕಂಡುದಕ್ಕಿಂತ ಹೆಚ್ಚು ಹೇಳಿದರೆ ಆ ಚಿತ್ರವು ಕೆಡುತ್ತದೆ. ಕಡಿಮೆ ಹೇಳಿದರೂ ಕೆಡುತ್ತದೆ. ಸತ್ಯವನ್ನು ನುಡಿಯುವ ಅಭ್ಯಾಸವೆಂದು ಇದನ್ನು ಕರೆದರೆ ತಪ್ಪಾಗದು. ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರ ಅಗತ್ಯವಿದೆ.

ಈ ವಿದ್ಯೆಗೆ ಇನ್ನೊಂದು ಗುಣವುಂಟು. ಗಗನಯಾತ್ರಿಯು ತನ್ನ ಪ್ರಶ್ನೆಯನ್ನು ಹೊತ್ತು ಹೋಗುವವನಲ್ಲ, ಪರರ ಪ್ರಶ್ನೆಯನ್ನು ಹೊತ್ತು ಹೋಗುವವನು. ಇಂದಿಗೂ ಹಾಗೆಯೇ. ೨೦೨೫ರ ಜೂನ್ ತಿಂಗಳಿನಲ್ಲಿ ಭಾರತದ ಶುಭಾಂಶು ಶುಕ್ಲಾ ಅವರು ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಅವರೊಡನೆ ಧಾರವಾಡದ ಹೆಸರುಕಾಳೂ ಮೆಂತ್ಯದ ಕಾಳೂ ಹೋದವು. ತೂಕವಿಲ್ಲದ ಕಡೆ ಮೊಳಕೆಯು ಹೇಗೆ ಬರುವುದು, ಅದರ ಸತ್ತ್ವವು ಏನಾಗುವುದು ಎಂಬುದು ಅಲ್ಲಿಯ ಕೃಷಿ ವಿಶ್ವವಿದ್ಯಾನಿಲಯದವರ ಮತ್ತು ಐ.ಐ.ಟಿ.ಯವರ ಪ್ರಶ್ನೆ. ಶುಕ್ಲಾ ಅವರು ಚಿಕ್ಕ ತಟ್ಟೆಗಳಲ್ಲಿ ಮೊಳಕೆ ಬರಿಸಿ, ಶೀತಪೆಟ್ಟಿಗೆಯಲ್ಲಿ ಕಾಪಿಟ್ಟರು. ಬೆಳೆದ ಮೊಳಕೆ ಅವರದಲ್ಲ, ಉತ್ತರವೂ ಅವರದಲ್ಲ. ಹೊತ್ತು ಹೋಗುವುದು, ಹೇಳಿದಂತೆ ಮಾಡುವುದು, ಕಂಡುದನ್ನು ಕಂಡಂತೆ ಒಪ್ಪಿಸುವುದು ಇಷ್ಟೇ ಅವರ ಪಾಲು. ಹಳ್ಳಿಯ ಗೃಹಸ್ಥನು ಕಾಶಿಗೆ ಹೊರಟಾಗ ನೆರೆಯವರು ತಮ್ಮ ಹರಕೆಯ ಕಾಸನ್ನು ಅವನ ಸೆರಗಿಗೆ ಕಟ್ಟುತ್ತಿದ್ದುದು ಹೀಗೆಯೇ ಅಲ್ಲವೇ.

ಈಗ ಅಪೊಲೊ ೧೫ರ ವೃತ್ತಾಂತ. ೧೯೭೧ರ ಜುಲೈ ೨೬ರಂದು ಮೂವರು ಹೊರಟರು. ಸ್ಕಾಟ್ ಮತ್ತು ಇರ್ವಿನ್ ಅವರು ೩೦ರಂದು ಅಪೆನ್ನೈನ್ ಎಂಬ ಪರ್ವತಗಳ ತಪ್ಪಲಿನಲ್ಲಿ, ಹ್ಯಾಡ್ಲಿ ಎಂಬ ಆಳವಾದ ಕೊರಕಲಿನ ದಂಡೆಗೆ ಸಮೀಪದಲ್ಲಿ ಇಳಿದರು. ಮೂರನೆಯವರಾದ ಆಲ್‌ಫ್ರೆಡ್ ವರ್ಡನ್ ಅವರು ಚಂದ್ರನನ್ನು ಸುತ್ತುತ್ತ ಮೂರು ದಿನ ಒಬ್ಬರೇ ಇದ್ದರು. ಇಳಿದ ಒಡನೆಯೇ ಸ್ಕಾಟ್ ಅವರು ನೆಲಕ್ಕೆ ಧಾವಿಸಲಿಲ್ಲ. ನೌಕೆಯ ಮೇಲ್ಗಡೆಯ ಬಾಗಿಲನ್ನು ತೆರೆದು ಎದೆಮಟ್ಟ ಮೇಲೆದ್ದು ನಿಂತು, ಅರ್ಧಗಂಟೆಯ ಕಾಲ ಸುತ್ತಲೂ ನೋಡಿದರು. ಕಂಡ ಬೆಟ್ಟ, ಇಳಿಜಾರು, ಕುಳಿಗಳನ್ನು ಒಂದೊಂದಾಗಿ ಬಣ್ಣಿಸಿದರು. ಮೊದಲು ನೋಟ, ಆಮೇಲೆ ನಡೆ. ಗುರುವಿನ ಪಾಠವು ಮೂರು ಲಕ್ಷದ ಎಂಬತ್ತು ಸಾವಿರ ಕಿಲೋಮೀಟರು ದೂರದಲ್ಲಿಯೂ ಮರೆತಿರಲಿಲ್ಲ.

ಆಗಸ್ಟ್ ಒಂದರಂದು, ಬ್ಯಾಟರಿಯಿಂದ ಓಡುವ ಬಂಡಿಯಲ್ಲಿ ಅವರು ಬೆಟ್ಟದ ಇಳಿಜಾರಿನ ಸ್ಪರ್ ಎಂಬ ಕುಳಿಯ ಬಳಿಗೆ ಹೋದರು. ಅಲ್ಲಿ, ಧೂಳು ಮೆತ್ತಿದ ಹೆಂಟೆಯ ಮೇಲೆ ಯಾರೋ ಪೀಠದ ಮೇಲೆ ಇರಿಸಿದಂತೆ, ಒಂದು ಬಿಳಿಯ ಕಲ್ಲು ಕುಳಿತಿತ್ತು. ಎತ್ತಿ ಹಿಡಿದಾಗ ಹರಳಿನ ಮುಖಗಳು ಬಿಸಿಲಿಗೆ ಹೊಳೆದವು. ಕೈಯಲ್ಲಿರುವುದು ಏನೆಂಬುದು ಇಬ್ಬರಿಗೂ ಆ ಕ್ಷಣದಲ್ಲಿಯೇ ತಿಳಿಯಿತು. ತೂಕ ೨೬೯ ಗ್ರಾಂ ಮಾತ್ರ, ಅಂಗೈಯಲ್ಲಿ ಹಿಡಿಯಬಹುದಾದ ಕಲ್ಲು. ವಿದ್ವಾಂಸರ ತರ್ಕವು ಹೀಗಿತ್ತು: ಚಂದ್ರನು ಹುಟ್ಟಿದ ಕಾಲದಲ್ಲಿ ಅವನ ಮೇಲೆಲ್ಲ ಕರಗಿದ ಶಿಲೆಯ ಕಡಲು ಇದ್ದಿತು, ಹಾಲು ಕಾದು ಆರುವಾಗ ಕೆನೆ ಮೇಲೆ ಬರುವಂತೆ, ಹಗುರವಾದ ಬಿಳಿಯ ಹರಳುಗಳು ತೇಲಿಬಂದು ಚಂದ್ರನ ಮೊದಲ ತೊಗಟೆಯಾಯಿತು. ಅಪೊಲೊ ೧೧ರಲ್ಲಿ ತಂದ ಮಣ್ಣಿನಲ್ಲಿ ಸಿಕ್ಕಿದ್ದ ಬಿಳಿಯ ಚೂರುಗಳನ್ನು ಕಂಡು ಈ ತರ್ಕವು ಹುಟ್ಟಿತ್ತು. ಈಗ ಆ ಕೆನೆಯ ತುಂಡೇ ಅಂಗೈಯಲ್ಲಿ ಬಂದಿತು. ವಯಸ್ಸು ನಾನೂರು ಕೋಟಿ ವರ್ಷಗಳಿಗೂ ಮಿಕ್ಕದ್ದು. ಪತ್ರಿಕೆಗಳು ಅದನ್ನು ಜೆನೆಸಿಸ್ ಶಿಲೆ, ಎಂದರೆ ಆದಿಶಿಲೆ, ಎಂದು ಕೊಂಡಾಡಿದವು. ಸಿಕ್ಕಿದುದು ಅದೃಷ್ಟವೆನ್ನಬಹುದು; ಗುರುತಿಸಿದುದು ಅದೃಷ್ಟವಲ್ಲ. ಬೂದು ಬಣ್ಣದ ಸಾವಿರಾರು ಕಲ್ಲುಗಳ ನಡುವೆ ಇದೊಂದರ ಮುಂದೆ ನಿಲ್ಲಬೇಕೆಂದು ಹೇಳಿದುದು ತಿಂಗಳುಗಟ್ಟಲೆ ಬೆಟ್ಟಗಳಲ್ಲಿ ತಿದ್ದಿಸಿಕೊಂಡ ಕಣ್ಣು.

ಮೇಲೆ ಸುತ್ತುತ್ತಿದ್ದ ವರ್ಡನ್ ಅವರ ವಿದ್ಯೆಯೂ ಕಡಿಮೆಯದಲ್ಲ. ಈಜಿಪ್ಟ್ ದೇಶದಲ್ಲಿ ಹುಟ್ಟಿದ ಫಾರೂಕ್ ಎಲ್‌ಬಾಜ್ ಅವರು ಅವರ ಗುರು. ಎತ್ತರದಿಂದ ನೆಲವನ್ನು ಓದುವುದನ್ನು ಕಲಿತಿದ್ದ ಅವರು ಟಾರಸ್ ಲಿಟ್ರೋ ಎಂಬ ಕಣಿವೆಯ ಬಳಿ ಬೂದಿಗುಡ್ಡಗಳಂತಹ ಆಕಾರಗಳನ್ನು ಗುರುತಿಸಿದರು. ಅಪೊಲೊ ೧೭ ಅಲ್ಲಿ ಇಳಿಯುವುದಕ್ಕೆ ಆ ನೋಟವೂ ಒಂದು ಕಾರಣವಾಯಿತು. ನೆಲ ಮುಟ್ಟದವರನ್ನು ಲೋಕವು ಬೇಗ ಮರೆಯುತ್ತದೆ.

ಇಂತಹ ಮೂವರು ಇವರು. ಇನ್ನು ಅವರ ಮರೆಮಾಚುಗಳ ಮಾತು.

ಮೊದಲನೆಯದು ಜುಲೈ ೩೧ರದು. ಆ ದಿನ ಅವರು ಬಂಡಿಯಲ್ಲಿ ಮರಳುತ್ತಿದ್ದರು. ಹೊತ್ತು ಮೀರಿತ್ತು, ಎಲ್ಲಿಯೂ ನಿಲ್ಲುವಂತಿರಲಿಲ್ಲ. ದಾರಿಯ ಪಕ್ಕದಲ್ಲಿ ತೂತುತೂತಾದ ಕಪ್ಪು ಲಾವಾಶಿಲೆಯೊಂದು ಒಂಟಿಯಾಗಿ ಬಿದ್ದಿರುವುದನ್ನು ಸ್ಕಾಟ್ ಕಂಡರು. ಅನುಮತಿ ಕೇಳಿದರೆ ಭೂಮಿಯವರು ಹೊತ್ತಿನ ಲೆಕ್ಕ ಹೇಳಿ ಬೇಡವೆನ್ನುವರೆಂದು ಅವರಿಗೆ ತೋರಿತು. ಸೀಟಿನ ಪಟ್ಟಿ ಸಡಿಲವಾಗಿದೆ, ಬಿಗಿದುಕೊಳ್ಳುತ್ತೇನೆ ಎಂಬ ನೆಪ ಹೇಳಿ ಬಂಡಿಯನ್ನು ನಿಲ್ಲಿಸಿದರು. ಇರ್ವಿನ್ ಅವರು ಇಂಗಿತವನ್ನರಿತು, ಅಕ್ಕಪಕ್ಕದ ಕುಳಿಗಳನ್ನು ಬಣ್ಣಿಸುತ್ತ ಮಾತಿನಲ್ಲಿ ಕಾಲ ನೂಕಿದರು. ಅಷ್ಟರಲ್ಲಿ ಸ್ಕಾಟ್ ಇಳಿದು, ಚಿತ್ರ ತೆಗೆದು, ಕಲ್ಲನ್ನು ಎತ್ತಿಕೊಂಡು ಬಂದರು. ಒಂದು ಕಿಲೋಗ್ರಾಮಿಗೆ ಕೊಂಚ ಕಡಿಮೆ ತೂಕದ ಆ ಕಲ್ಲನ್ನು ವಿಜ್ಞಾನಿಗಳು ಇಂದಿಗೂ ನಗುನಗುತ್ತ ಸೀಟುಪಟ್ಟಿಯ ಕಲ್ಲೆಂದೇ ಕರೆಯುತ್ತಾರೆ.

ಎರಡನೆಯದು, ಸತ್ತವರಿಗೆ ಸಂಬಂಧಿಸಿದುದು. ಮರಳಿ ಹೊರಡುವ ಮುನ್ನ ಅವರು ಬಂಡಿಯ ಬಳಿ ಒಂದು ಚಿಕ್ಕ ಲೋಹದ ಬೊಂಬೆಯನ್ನೂ ಹದಿನಾಲ್ಕು ಹೆಸರುಗಳ ಒಂದು ಫಲಕವನ್ನೂ ಸದ್ದಿಲ್ಲದೆ ಇಟ್ಟುಬಂದರು. ಅಂತರಿಕ್ಷದ ಕಾಯಕದಲ್ಲಿದ್ದು ತೀರಿಹೋದ ಅಮೆರಿಕದವರ ಹೆಸರುಗಳೊಡನೆ, ಆಗ ಎದುರಾಳಿಗಳೆನಿಸಿದ್ದ ಸೋವಿಯತ್ ದೇಶದವರ ಹೆಸರುಗಳೂ ಅಕ್ಷರಾನುಕ್ರಮದಲ್ಲಿ ಬೆರೆತಿದ್ದವು. ಮರಳಿದ ಮೇಲೆ ಪತ್ರಕರ್ತರ ಮುಂದೆ ತಾವೇ ಅದನ್ನು ತಿಳಿಸಿದರು.

ಮೂರನೆಯದು ಲಕೋಟೆಗಳು. ಗಗನಯಾತ್ರಿಗಳು ತಮ್ಮ ನೆನಪಿಗಾಗಿ ಕೆಲವು ಸಣ್ಣ ವಸ್ತುಗಳನ್ನು ಒಯ್ಯುವ ಪದ್ಧತಿಯಿತ್ತು. ಆದರೆ ಅವುಗಳ ಪಟ್ಟಿಯನ್ನು ಕೊಟ್ಟು ಅನುಮತಿ ಪಡೆಯಬೇಕಿತ್ತು. ಅಂತಹ ಅನುಮತಿಯುಳ್ಳ ಲಕೋಟೆಗಳೂ ನೌಕೆಯಲ್ಲಿ ಇದ್ದವು. ಅವುಗಳಲ್ಲದೆ ಪಟ್ಟಿಯಲ್ಲಿ ಇಲ್ಲದ ೩೯೮ ಅಂಚೆಲಕೋಟೆಗಳು ಸ್ಕಾಟ್ ಅವರ ವ್ಯೋಮ ಉಡುಪಿನ ಜೇಬಿನಲ್ಲಿ ಹೊರಟು, ಚಂದ್ರನ ನೆಲಕ್ಕೆ ಇಳಿದು, ಮರಳಿ ಬಂದವು. ಅವುಗಳಲ್ಲಿ ನೂರನ್ನು ಪಶ್ಚಿಮ ಜರ್ಮನಿಯ ಒಬ್ಬ ಅಂಚೆಚೀಟಿ ವ್ಯಾಪಾರಿಗೆ ಕೊಡಬೇಕೆಂದೂ, ಮೂವರಿಗೂ ತಲಾ ಏಳು ಸಾವಿರ ಡಾಲರು ಸಲ್ಲಬೇಕೆಂದೂ ಮೊದಲೇ ಒಪ್ಪಂದವಾಗಿತ್ತು. ಆ ಹಣವನ್ನು ಮಕ್ಕಳ ಹೆಸರಿನಲ್ಲಿ ಕೂಡಿಡುವುದು ಅವರ ಆಲೋಚನೆ. ಅಪೊಲೊ ಯಾತ್ರೆಗಳೆಲ್ಲ ಮುಗಿಯುವವರೆಗೆ ಮಾರಬಾರದೆಂಬುದು ಅವರ ಎಣಿಕೆಯಾಗಿತ್ತು. ವ್ಯಾಪಾರಿಯು ೧೯೭೧ರಲ್ಲಿಯೇ ಒಂದೊಂದನ್ನು ಸುಮಾರು ೧,೫೦೦ ಡಾಲರಿಗೆ ಮಾರತೊಡಗಿದನು. ಸುದ್ದಿಯು ಹರಡಿತು. ಮೂವರೂ ಹಣವನ್ನು ಬಿಟ್ಟುಕೊಟ್ಟರು. ೧೯೭೨ರಲ್ಲಿ ಅಧಿಕೃತ ಛೀಮಾರಿಯಾಯಿತು. ಸೆನೆಟ್ ಸಭೆಯ ಸಮಿತಿಯ ಮುಂದೆ ನಿಲ್ಲಬೇಕಾಯಿತು. ಅಪೊಲೊ ೧೭ರ ಬದಲಿ ತಂಡದಲ್ಲಿದ್ದ ಅವರನ್ನು ತೆಗೆಯಲಾಯಿತು. ಮೂವರಲ್ಲಿ ಯಾರೂ ಮತ್ತೆ ಅಂತರಿಕ್ಷಕ್ಕೆ ಹೋಗಲಿಲ್ಲ.

ಕ್ಷುಲ್ಲಕ ವಿಷಯವೆಂದು ಕೆಲವರು ತಳ್ಳಿಹಾಕುವುದುಂಟು. ಕಾಗದದ ಚೂರುಗಳಿಂದ ಯಾರಿಗೆ ನಷ್ಟವಾಯಿತು? ಕಳವಿಲ್ಲ, ಕೊಲೆಯಿಲ್ಲ. ಅಷ್ಟೇ ಅಲ್ಲ, ಅವರ ಪಕ್ಷದಲ್ಲಿ ಹೇಳಬೇಕಾದ ಮಾತೂ ಉಂಟು. ಅವರು ಸೇನೆಯ ಅಧಿಕಾರಿಗಳ ಸಂಬಳದಲ್ಲಿದ್ದವರು, ಸಿರಿವಂತರಲ್ಲ. ಚಂದ್ರನಿಗೆ ಹೋಗುವವನಿಗೆ ಜೀವವಿಮೆ ದೊರೆಯುವುದು ಸುಲಭವಿರಲಿಲ್ಲ. ಅಪೊಲೊ ೧೧ರ ಕಾಲದಿಂದಲೇ ಯಾತ್ರಿಗಳು ರುಜು ಹಾಕಿದ ಲಕೋಟೆಗಳನ್ನು ಮನೆಯವರ ಬಳಿ ಇರಿಸಿ ಹೋಗುತ್ತಿದ್ದರು. ತಾವು ಮರಳದಿದ್ದರೆ ಹೆಂಡತಿ ಮಕ್ಕಳು ಅವನ್ನು ಮಾರಿಯಾದರೂ ಬದುಕಿಯಾರು ಎಂಬುದು ಅದರ ಅರ್ಥ. ಆ ಗೃಹಸ್ಥನ ಕಳವಳವನ್ನು ಯಾವ ಗೃಹಸ್ಥನು ತಾನೇ ಅರಿಯನು? ಮಗನ ಓದಿಗೆ, ಮಗಳ ಮದುವೆಗೆ ಎಂದು ಹೇಳಿಕೊಂಡು ತಕ್ಕಡಿಯ ಮುಳ್ಳನ್ನು ಕೊಂಚ ಬಾಗಿಸಿದವರ ಸಂಖ್ಯೆಯು ಯಾವ ಊರಿನಲ್ಲಿಯೂ ಕಡಿಮೆಯಿಲ್ಲ. ದುರಾಶೆಯು ದುರಾಶೆಯ ವೇಷದಲ್ಲಿ ಬಂದರೆ ಗುರುತಿಸಿ ಹೊರಗಟ್ಟಬಹುದು. ಅದು ವಾತ್ಸಲ್ಯದ ವೇಷದಲ್ಲಿ ಬಂದಾಗಲೇ ಕಷ್ಟ.

ಹಾಗಾದರೆ ಈ ಮೂರು ಮರೆಗಳಲ್ಲಿ ಭೇದವೇನು? ಹೇಳದೆ ಮಾಡಿದುದೆಂಬ ಅಂಶದಲ್ಲಿ ಮೂರೂ ಒಂದೇ. ಮಾತಿನ ಸುಳ್ಳನ್ನೇ ಎಣಿಸುವುದಾದರೆ ಕಲ್ಲಿನದೇ ಹೆಚ್ಚಿನದು. ಅಲ್ಲಿ ಇಲ್ಲದ ನೆಪವನ್ನು ಬಾಯಿಬಿಟ್ಟು ಹೇಳಿದರು, ಲಕೋಟೆಯ ವಿಷಯದಲ್ಲಿ ಸುಮ್ಮನಿದ್ದರು ಅಷ್ಟೇ. ಆದರೆ ಆ ಕಲ್ಲು ಎಲ್ಲಿಗೆ ಹೋಯಿತು? ಎಲ್ಲ ಕಲ್ಲುಗಳೊಡನೆ ಚೀಲಕ್ಕೆ ಹೋಯಿತು, ಸಂಖ್ಯೆ ಪಡೆಯಿತು, ಎಲ್ಲರ ಕಣ್ಣೆದುರಿನ ಮೇಜಿನ ಮೇಲೆ ಬಂದಿತು. ಆ ಸುಳ್ಳಿಗೆ ಕೆಲವೇ ನಿಮಿಷಗಳ ಆಯುಸ್ಸು. ತಾನೇ ಬಯಲಾಗುವಂತಹ ಸುಳ್ಳು ಅದು, ಏಕೆಂದರೆ ಅದರಿಂದ ಪಡೆದುದು ಬಯಲಿನಲ್ಲಿದ್ದರೆ ಮಾತ್ರ ಬೆಲೆಯುಳ್ಳದ್ದು. ಹೆಸರುಗಳ ಫಲಕವೂ ಹಾಗೆಯೇ. ಅಡಗಿಸಿಟ್ಟರೆ ಸತ್ತವರಿಗೆ ಗೌರವವೇನು ಬಂದಿತು? ಲಕೋಟೆಯಾದರೋ ಕಾಲ ಬರುವವರೆಗೆ ಕತ್ತಲೆಯಲ್ಲಿಯೇ ಇರಬೇಕಾದುದು. ಆ ಜೇಬಿನಲ್ಲಿ ಪರರ ಪ್ರಶ್ನೆ ಯಾವುದೂ ಇರಲಿಲ್ಲ.

ಆದರೂ ಸೀಟುಪಟ್ಟಿಯ ನೆಪವನ್ನು ಪೂರ್ತಿಯಾಗಿ ತೊಳೆದುಬಿಡುವುದು ನ್ಯಾಯವಲ್ಲ. ಭೂಮಿಯಲ್ಲಿ ಕುಳಿತವರು ಯಾತ್ರಿಯ ಮಾತನ್ನು ನಂಬಿಯೇ ಅವನ ಕ್ಷೇಮದ ಲೆಕ್ಕ ಹಾಕುವವರು. ಬಂಡಿಯಲ್ಲಿ ಕುಳಿತಿದ್ದಾನೆಂದು ಅವರು ತಿಳಿದಿರುವಾಗ ಅವನು ನೆಲದ ಮೇಲೆ ಬಿದ್ದಿದ್ದರೆ? ಕಾಣದವನಿಗೆ ಕಾಣುವಂತೆ ನುಡಿಯುವುದೇ ಪರೀಕ್ಷೆಯೆಂದು ಗುರು ಕಲಿಸಿದ ವಿದ್ಯೆಯನ್ನು ಶಿಷ್ಯನು ಇಲ್ಲಿ ತಿರುಗುಮುರುಗು ಮಾಡಿ ಬಳಸಿದನಲ್ಲವೇ? ಇರ್ವಿನ್ ಅವರ ಬಣ್ಣನೆಯ ಒಂದೊಂದು ಮಾತೂ ನಿಜ. ಒಟ್ಟಿನಲ್ಲಿ ಮಾತ್ರ ಅದು ಮರೆ. ಒಳ್ಳೆಯ ಕಾರ್ಯಕ್ಕೆ ಸಣ್ಣ ನೆಪವು ಸಲ್ಲುವುದೆಂದು ಒಮ್ಮೆ ತೋರಿದ ಮನಸ್ಸಿಗೆ, ಮಕ್ಕಳ ಕಾರ್ಯವೂ ಒಳ್ಳೆಯ ಕಾರ್ಯವೇ ಎಂದು ತೋರುವುದು ಬಹು ದೂರವಲ್ಲ. ಕಾಲಕ್ರಮದಲ್ಲಿ ಲಕೋಟೆಯ ಒಪ್ಪಂದವೇ ಮೊದಲಿನದು; ಆದುದರಿಂದ ಒಂದರಿಂದ ಇನ್ನೊಂದು ಹುಟ್ಟಿತೆನ್ನಲಾಗದು. ಆದರೆ ಎರಡೂ ಒಂದೇ ಮನೆಯಲ್ಲಿ ವಾಸಿಸಬಲ್ಲವು ಎಂಬುದಂತೂ ಸ್ಪಷ್ಟ.

ಆಯ್ದಕ್ಕಿ ಲಕ್ಕಮ್ಮನ ವೃತ್ತಾಂತವು ಸದ್ಭಕ್ತರಿಗೆಲ್ಲ ತಿಳಿದುದೇ. ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿನ ಅಳತೆಗಿಂತ ಹೆಚ್ಚು ತಂದನು. ಕದ್ದುದಲ್ಲ, ಬೇಡಿದುದಲ್ಲ, ನೆಲದ ಮೇಲೆ ಬಿದ್ದಿದ್ದ ಅಕ್ಕಿ. ಲಕ್ಕಮ್ಮನು ಅದನ್ನು ಒಲೆಯ ಮೇಲೇರಿಸಲಿಲ್ಲ. ಮಿಕ್ಕುದನ್ನು ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕಟ್ಟಿದಳು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಮಾರಯ್ಯನು ಅರಿವಿಲ್ಲದವನಲ್ಲ, ಶರಣನೇ. ಆಯುವ ಕಾಯಕದಲ್ಲಿ ಪಳಗಿದ ಕೈ ಅವನದು. ಆ ಪಳಗಿದ ಕೈಯೇ ಆ ದಿನ ಒಂದು ಹಿಡಿ ಹೆಚ್ಚು ಆಯ್ದಿತು. ಅವನನ್ನು ಉಳಿಸಿದುದು ಅವನ ಅರಿವಲ್ಲ, ಬಾಗಿಲಿನಲ್ಲಿ ನಿಂತು ಚೀಲದ ತೂಕವನ್ನು ಕೇಳಿದವಳು.

ಅಪೊಲೊ ಯಾತ್ರಿಗಳ ಬಾಗಿಲಿನಲ್ಲಿ ಚೀಲದ ತೂಕವನ್ನು ಕೇಳುವವರು ಬೇಕಾದಷ್ಟು ಮಂದಿಯಿದ್ದರು. ಗ್ರಾಂ ಗ್ರಾಂ ಲೆಕ್ಕ ಹಾಕದೆ ಚಂದ್ರಯಾತ್ರೆಯು ನಡೆಯದು. ಕೇಳಿದುದು ತೂಕವನ್ನು, ಯಾರಿಗಾಗಿ ಎಂಬುದನ್ನಲ್ಲ. ಇಲ್ಲಿಯೇ ಮೊದಲ ಪ್ರಶ್ನೆಗೆ ಉತ್ತರದ ಒಂದು ಎಳೆ ದೊರೆಯುವಂತಿದೆ. ಅವರ ಗುರುಗಳು ಎಲ್ಲವನ್ನೂ ಅಭ್ಯಾಸ ಮಾಡಿಸಿದರು: ಇಕ್ಕುಳ ಹಿಡಿಯುವುದು, ಬಂಡಿ ಏರುವುದು, ಉಡುಪಿನಲ್ಲಿ ಬಿದ್ದರೆ ಏಳುವುದು, ನೂರು ಬಗೆಯ ಯಂತ್ರದೋಷಗಳು. ವ್ಯಾಪಾರಿಯೊಬ್ಬನು ನಯವಾಗಿ ಬಂದು ಮಕ್ಕಳ ಮಾತೆತ್ತಿದಾಗ ಒಲ್ಲೆನೆನ್ನುವುದನ್ನು ಮಾತ್ರ ಯಾರೂ ಅಭ್ಯಾಸ ಮಾಡಿಸಲಿಲ್ಲ. ವೀರರಿಗೆ ಅದು ತಾನಾಗಿಯೇ ಬರುವುದೆಂದು ಎಲ್ಲರೂ ನಂಬಿದ್ದರು. ಏಕೆ ಬರಬೇಕು? ಬೆಟ್ಟದಲ್ಲಿ ತಿಂಗಳುಗಟ್ಟಲೆ ತಿದ್ದದೆ ಕಣ್ಣಿಗೆ ಕಲ್ಲು ಕಾಣುವುದಿಲ್ಲವೆಂದ ಮೇಲೆ, ಯಾರೂ ತಿದ್ದದ ಮನಸ್ಸಿಗೆ ತನ್ನ ಹೆಚ್ಚಿನ ಹಿಡಿ ಕಾಣುವುದ್ಹೇಗೆ? ಆಚಾರವು ಅರಿವಿನ ನೆರಳಾಗಿ ತಾನೇ ಹಿಂಬಾಲಿಸಿ ಬರುವುದೆಂದು ತಿಳಿಯುವುದು ತಪ್ಪು. ಅದಕ್ಕೂ ಅಭ್ಯಾಸ ಬೇಕು, ಅದಕ್ಕೂ ಗುರುವಿನ ಕಣ್ಣು ಬೇಕು, ಮನೆಯಲ್ಲಿ ಚೀಲವನ್ನು ಬಿಚ್ಚಿಸಿ ನೋಡುವವರು ಬೇಕು. ಅರಿವು ಆಚಾರಗಳು ಒಂದೇ ಎಂದು ಶರಣರು ಹೇಳಿದುದು ಸಿದ್ಧವಾದ ಸಂಗತಿಯನ್ನಲ್ಲ, ದಿನದಿನವೂ ಸಾಧಿಸಬೇಕಾದುದನ್ನು. ಹಾಗಲ್ಲದಿದ್ದರೆ ಅನುಭವ ಮಂಟಪದಲ್ಲಿ ಒಬ್ಬರನ್ನೊಬ್ಬರು ಪ್ರಶ್ನಿಸುವ ಅಗತ್ಯವೇ ಇರುತ್ತಿರಲಿಲ್ಲ.

ಇಂತಹ ಪ್ರಕರಣಗಳಲ್ಲಿ ಲೋಕವು ಎರಡು ತಪ್ಪುಗಳನ್ನು ಮಾಡುತ್ತದೆ. ಒಂದೋ, ಆದಿಶಿಲೆಯನ್ನು ಮುಂದೊಡ್ಡಿ ಲಕೋಟೆಯನ್ನು ಮುಚ್ಚುವುದು. ಇಲ್ಲವೆ ಲಕೋಟೆಯನ್ನು ಮುಂದೊಡ್ಡಿ ಶಿಲೆಯನ್ನೂ ಎಸೆಯುವುದು. ಎರಡನೆಯದು ಹೆಚ್ಚು ಕ್ರೂರ. ಆ ಮೂವರ ಕಾಯಕವು ಹುಸಿಯಾಗಿರಲಿಲ್ಲ. ಚಂದ್ರನ ಮೇಲೆ ದುಡಿದ ಶ್ರಮದಿಂದ ಇರ್ವಿನ್ ಅವರ ಹೃದಯದ ಬಡಿತವು ತಾಳ ತಪ್ಪಿದ್ದುದನ್ನು ಭೂಮಿಯ ವೈದ್ಯರು ಯಂತ್ರಗಳಲ್ಲಿ ಕಂಡರು. ಮರಳುವ ದಾರಿಯಲ್ಲಿ ವರ್ಡನ್ ಅವರು ಭೂಮಿಯಿಂದ ಮೂರು ಲಕ್ಷ ಕಿಲೋಮೀಟರಿಗೂ ದೂರದಲ್ಲಿ ನೌಕೆಯ ಹೊರಗೆ ತೇಲಿ, ಚಂದ್ರನ ಚಿತ್ರಗಳ ಸುರುಳಿಗಳನ್ನು ಒಳಗೆ ತಂದರು. ಮುಂದೆ ಇರ್ವಿನ್ ಅವರು ತಮ್ಮ ಧರ್ಮದ ಪ್ರಚಾರಕ್ಕೆ ಬಾಳನ್ನು ಮುಡಿಪಿಟ್ಟರು. ವರ್ಡನ್ ಅವರು ಸರ್ಕಾರವು ಹಿಡಿದಿಟ್ಟಿದ್ದ ಲಕೋಟೆಗಳಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದರು. ೧೯೮೩ರಲ್ಲಿ ಅವು ಯಾತ್ರಿಗಳಿಗೆ ಮರಳಿದವು. ಕಾನೂನಿನ ಲೆಕ್ಕವು ಅಲ್ಲಿಗೆ ಮುಗಿಯಿತು. ಆದರೂ ತಾವು ೨೦೧೧ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ವರ್ಡನ್ ಅವರು ಆ ಪ್ರಕರಣವನ್ನು ಬದಿಗೆ ಸರಿಸದೆ ವಿಸ್ತಾರವಾಗಿಯೇ ಬರೆದರು.

ಮಕ್ಕಳಿಗಾಗಿ ಕಾದಿಡುವುದು ತಾನಾಗಿ ದೋಷವಲ್ಲ. ಚಂದ್ರನಿಂದ ಬಂದ ಇನ್ನೊಂದು ವಸ್ತುವನ್ನೂ ಹಾಗೆಯೇ ಕಾದಿಟ್ಟಿದ್ದರು. ೧೯೭೨ರ ಡಿಸೆಂಬರಿನಲ್ಲಿ ಅಪೊಲೊ ೧೭ರ ಯೂಜೀನ್ ಸೆರ್ನನ್ ಮತ್ತು ಹ್ಯಾರಿಸನ್ ಷ್ಮಿಟ್ ಅವರು ವರ್ಡನ್ ಮೇಲಿನಿಂದ ಗುರುತಿಸಿದ್ದ ಆ ಕಣಿವೆಯಲ್ಲಿ, ಬೆಟ್ಟದಿಂದ ಜಾರಿಬಿದ್ದ ಮಣ್ಣಿನೊಳಕ್ಕೆ ಲೋಹದ ಕೊಳವೆಯೊಂದನ್ನು ಹೊಡೆದು ಇಳಿಸಿ, ಅದರ ಕೆಳಭಾಗವನ್ನು ಅಲ್ಲಿಯೇ ನಿರ್ವಾತದಲ್ಲಿ ಮುದ್ರೆಯಿಟ್ಟು ತಂದರು. ಹನ್ನೆರಡು ಮಂದಿಯಲ್ಲಿ ವೃತ್ತಿಯಿಂದ ಭೂಗರ್ಭಶಾಸ್ತ್ರಜ್ಞರಾಗಿದ್ದ ಒಬ್ಬರೆಂದರೆ ಈ ಷ್ಮಿಟ್ ಅವರೇ. ಲೀ ಸಿಲ್ವರ್ ಅವರನ್ನು ಯಾತ್ರಿಗಳ ಗುರುವಾಗಿ ಕರೆತಂದವರೂ ಅವರೇ. ಆ ಕೊಳವೆಯನ್ನು ಒಡನೆಯೇ ತೆರೆಯಬಾರದೆಂದು ಹಿರಿಯ ವಿಜ್ಞಾನಿಗಳು ನಿರ್ಧರಿಸಿದರು. ಅಂದಿನ ಉಪಕರಣಗಳಿಗಿಂತ ಸೂಕ್ಷ್ಮವಾದವು ಮುಂದೆ ಬಂದಾವು. ಆಗಿನವರು ನೋಡಲಿ ಎಂದು ಹೂಸ್ಟನ್ ನಗರದ ಭಂಡಾರದಲ್ಲಿ ಇರಿಸಿದರು. ಐವತ್ತು ವರ್ಷ ಯಾರೂ ಮುಟ್ಟಲಿಲ್ಲ. ೨೦೨೨ರ ಮಾರ್ಚಿಯಲ್ಲಿ ಅದರ ಮುದ್ರೆಯನ್ನು ಒಡೆದು ಒಳಗಿನ ಮಣ್ಣನ್ನು ಕಣಕಣವಾಗಿ ಬೇರ್ಪಡಿಸಲು ಕುಳಿತವರಲ್ಲಿ, ಅದನ್ನು ನೆಲಕ್ಕೆ ಹೊಡೆದ ದಿನ ಇನ್ನೂ ಹುಟ್ಟಿರದ ವಿಜ್ಞಾನಿಗಳೂ ಇದ್ದರು.